ಚಂದ್ರಲೋಕದ ಗಡಿಗೆ ಮತ್ತು ನನ್ನ ಧಾರೆ ಸೀರೆ

ನನ್ನ ಮದುವೆ ಚಂದ್ರಲೋಕದ ದೆಸೆಯಿಂದ ಮುರಿದುಬೀಳುವುದರಲ್ಲಿತ್ತು. ಹೀಗೆಂದರೆ ಈಗಿನ ಹುಡುಗಿಯರು ಕಿಸಕ್ಕನೆ ನಗುತ್ತಾರೆ. ನಗಲಿ. ಜಾತಕ ಕೂಡದೆ ನಿಂತ ಮದುವೆಗಳುಂಟು, ಬೀಗರನ್ನು ಸರಿಯಾಗಿ ಕರೆಯಲಿಲ್ಲವೆಂದು ನಿಂತದ್ದೂ ಉಂಟು. ಮೂವರು ಗಂಡಸರು ಚಂದ್ರನ ಮೇಲಿಂದ ವಾಪಸು ಬಂದರೋ ಇಲ್ಲವೋ ಎಂಬ ಜಗಳಕ್ಕೆ ಮದುವೆ ನಿಲ್ಲುವುದು ನಮ್ಮಂಥ ಮನೆಯಲ್ಲಿ ಮಾತ್ರ.

ಜರ್ಮನಿಯ ಮೊದಲ ಲಡಾಯಿ ಮುಗಿದ ಹೊಸತು. ನಮ್ಮದು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ಅವ್ವನಿಗೆ ನಾನು ತಡವಾಗಿ ಹುಟ್ಟಿದವಳು, ಒಬ್ಬಳೇ. ಗಂಡುಮಕ್ಕಳಿಲ್ಲದ್ದರಿಂದ ಅಪ್ಪನ ಮಗ್ಗಕ್ಕೆ ನನ್ನದೇ ಎರಡನೆಯ ಜೋಡಿ ಕೈ. ನಮ್ಮ ಸೀರೆಯ ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು; ಎರಡಕ್ಕೂ ಬೇರೆ ಬೇರೆ ಲಾಳಿ ಓಡಬೇಕು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದರೆ, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವುದು ನನ್ನ ಕೆಲಸ. ಇನ್ನೊಂದು ಕೆಲಸವೂ ಇತ್ತು. ನಮ್ಮ ಮನೆಯಲ್ಲಿ ಜರಿಯ ಗಿಳಿ, ಹೂವು ತೆಗೆಯುವಾಗ ಬಟ್ಟೆಯ ಮುಖ ಕೆಳಗೆ, ಬೆನ್ನು ಮೇಲೆ. ನೇಯುವವನ ಕಣ್ಣಿಗೆ ಬೀಳುವುದು ಎಳೆಗಳ ಗೋಜಲು ಮಾತ್ರ. ನಾನು ಗುಂಡಿಗೆ ಇಳಿದು, ಅಪ್ಪನ ಎದುರಿಗೆ ಕೂತು, ಕತ್ತೆತ್ತಿ ನೋಡಿ, ಗಿಳಿ ಸರಿಯಾಗಿ ಮೂಡಿದೆಯೋ ಇಲ್ಲವೋ ಹೇಳಬೇಕು.

"ಹೆಂಗೈತವ್ವಾ?" ಎಂದು ಮೇಲಿನಿಂದ ಅಪ್ಪ ಕೇಳುತ್ತಿದ್ದ.

"ಒಂದು ಕಣ್ಣು ಕುರುಡಾಗೈತೆ ಕಣಪ್ಪಾ," ಎಂದು ಕೆಳಗಿನಿಂದ ನಾನು. ಅಪ್ಪ ಗೊಣಗುತ್ತಾ ಎಳೆ ಬಿಚ್ಚಿ ಮತ್ತೆ ಹಾಕುತ್ತಿದ್ದ.

ಇನ್ನು ಪುಸ್ತಕದ ಮಾತು. ಹೊರದೇಶದಲ್ಲಿ ಬಹಳ ಹೆಸರಾದ ಕಾದಂಬರಿಯಂತೆ, ಯಾರೋ ಪುಣ್ಯಾತ್ಮರು ಕನ್ನಡಕ್ಕೆ ಇಳಿಸಿದ್ದರು. ಅಪ್ಪನ ಕೈಗೆ ಬರುವ ಹೊತ್ತಿಗೆ ರಟ್ಟು ಹರಿದು ಹೋಗಿ ಹೆಸರೂ ಇರಲಿಲ್ಲ, ಬರೆದವರು ಯಾರೆಂಬುದೂ ಇರಲಿಲ್ಲ. ಕೇರಿಯಲ್ಲೆಲ್ಲ ಅದಕ್ಕೆ ಚಂದ್ರಲೋಕದ ಪುಸ್ತಕ ಎಂದೇ ಹೆಸರು. ನನಗೆ ಅಕ್ಷರ ಕಲಿಸಿದ್ದೂ ಅದರಲ್ಲೇ. ಸಂಜೆ ಮಗ್ಗಕ್ಕೆ ಬೆಳಕು ಸಾಲದಾದಾಗ ನೇಕಾರರು ನಮ್ಮ ಪಡಸಾಲೆಗೆ ಬಂದು ಕೂರುವರು. ಅಪ್ಪ ಅದನ್ನು ಪುರಾಣ ಓದಿದ ಹಾಗೆಯೇ ಓದುತ್ತಿದ್ದ: ರಾಗವಾಗಿ ನಾಲ್ಕು ಸಾಲು ಕನ್ನಡದಲ್ಲಿ, ಆಮೇಲೆ ತೆಲುಗು ಮನೆಮಾತಿನ ನೇಕಾರರಿಗಾಗಿ ಅದರ ಅರ್ಥ ತೆಲುಗಿನಲ್ಲಿ. ಕೇಳುವವರು ಪ್ರತಿ ಸಾಲಿಗೂ "ಹೂಂ" ಅನ್ನಬೇಕು. ಮುಗಿದ ದಿನ ಅವ್ವ ಆರತಿ ಎತ್ತಿ, ಸಕ್ಕರೆ ಹಂಚುತ್ತಿದ್ದಳು. ಮರುವಾರ ಮೊದಲ ಹಾಳೆಯಿಂದ ಮತ್ತೆ ಶುರು.

ಕಥೆ ಇಷ್ಟೇ. ಒಬ್ಬ ಪಂಡಿತ, ಅವನ ಶಿಷ್ಯ, ಒಬ್ಬ ಮುದಿ ಕಮ್ಮಾರ, ಈ ಮೂವರು ಕಬ್ಬಿಣದ ದೊಡ್ಡ ಗಡಿಗೆಯೊಳಗೆ ಕೂತು ಚಂದ್ರನ ಮೇಲೆ ಹೋಗುತ್ತಾರೆ. ಗಡಿಗೆ ಮಾಡಿದವನು ಕಮ್ಮಾರ. ಅಲ್ಲೆಲ್ಲ ಸುತ್ತಿ ವಾಪಸು ಹೊರಡುವಾಗ ಗಡಿಗೆ ಮೂವರ ಭಾರಕ್ಕೆ ಏಳುವುದಿಲ್ಲ. ಆಗ ಕಮ್ಮಾರ ಯಾರಿಗೂ ಹೇಳದೆ ಕೆಳಗಿಳಿದು, ಹೊರಗಿನಿಂದ ಬಾಗಿಲು ಹಾಕಿ ತಿರುಪು ಬಿಗಿದುಬಿಡುತ್ತಾನೆ. ಗಡಿಗೆ ಏಳುತ್ತದೆ. ಇಬ್ಬರು ಊರಿಗೆ ಬರುತ್ತಾರೆ. ಕಮ್ಮಾರ ಬಿಳಿಯ ನೆಲದ ಮೇಲೆ ಸುತ್ತಿಗೆ ಎತ್ತಿ ಬೀಸುತ್ತಾ ನಿಂತಿರುತ್ತಾನೆ. ಇಲ್ಲಿಗೆ ಬಂದಾಗ ಪ್ರತಿ ಸಲವೂ ಅಪ್ಪನ ರಾಗ ನಿಂತುಹೋಗುತ್ತಿತ್ತು. ಮುದುಕ ನೇಕಾರರೊಬ್ಬರು, "ಎಂತ ಪನಿ ಚೇಸ್ನಾಡು," ಎಂಥ ಕೆಲಸ ಮಾಡಿಬಿಟ್ಟ, ಎಂದು ತೆಲುಗಿನಲ್ಲೇ ಹಲುಬಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನನ್ನನ್ನು ಕೊಡುವುದೆಂದು ಆಗಿದ್ದು ಚಳ್ಳಕೆರೆಯ ಸೋದರಮಾವನ ಮಗನಿಗೆ. ಮಾವ ಅವ್ವನ ತಮ್ಮ, ಪೇಟೆಯಲ್ಲಿ ಜವಳಿ ಅಂಗಡಿ. ಅಪ್ಪ ನೇಯ್ದ ಸೀರೆ ಮಾರುವವನೂ ಅವನೇ. ನನ್ನ ತೊಟ್ಟಿಲಿಗೆ ಹಗ್ಗ ಕಟ್ಟುವಾಗಲೇ, "ಇವಳು ನಮ್ಮ ಮನೆ ಸೊಸೆ," ಎಂದಿದ್ದನಂತೆ. ಆದರೂ ಅಪ್ಪ ಈ ವರ್ಷ ಮಳೆ ಕಡಿಮೆ, ಮುಂದಿನ ವರ್ಷ ರೇಷ್ಮೆ ತುಟ್ಟಿ ಎಂದು ಏನಾದರೊಂದು ಹೇಳಿ ಮುಂದೆ ತಳ್ಳುತ್ತಾ ಬಂದ. ಆ ಕಾಲಕ್ಕೆ ನನ್ನದು ಬಹಳ ತಡವಾದ ಮದುವೆ. ಕೇರಿಯ ಮುದುಕಿಯರು ನನ್ನನ್ನು ನೋಡಿ ಲೊಚಗುಟ್ಟುವರು. ನನಗೋ ಒಳಗೊಳಗೇ ಉರಿ. ಮಾವನ ಮಗನನ್ನು, ಅಂದರೆ ನಮ್ಮ ಮನೆಯವರನ್ನು, ಕಂಡರೆ ನನಗೆ ಬಲು ಇಷ್ಟವಿತ್ತು. ಈಗ ಹೇಳಲು ನಾಚಿಕೆಯೇನು?

ಕೊನೆಗೂ ಲಗ್ನ ನಿಕ್ಕಿಯಾಯಿತು. ಧಾರೆಯ ಸೀರೆ ಹೆಣ್ಣಿನ ತವರಿನ ಮಗ್ಗದಲ್ಲೇ ಆಗಬೇಕು, ಅದು ಮಗ್ಗದಿಂದ ಇಳಿಯದೆ ಚಪ್ಪರ ಏಳುವಂತಿಲ್ಲ ಎಂಬುದು ನಮ್ಮ ಮನೆತನದ ಪದ್ಧತಿ. ಅಪ್ಪ ಕೆಂಪು ಒಡಲು, ಹಸಿರು ಅಂಚಿನ ಸೀರೆ ಏರಿಸಿದ. ಒಡಲೆಲ್ಲ ಮುಗಿದು ಸೆರಗಿನ ಗಿಳಿಗಳು ಶುರುವಾಗಿದ್ದವು.

ಅಷ್ಟರಲ್ಲಿ ಮಾವ ಗಾಡಿಯವನ ಕೈಲಿ ಹೇಳಿ ಕಳಿಸಿದ. ಚಳ್ಳಕೆರೆಗೆ ಬೈಸ್ಕೋಪಿನ ಡೇರೆ ಬಂದಿದೆ, ಅಪ್ಪನ ಚಂದ್ರಲೋಕದ ಕಥೆಯನ್ನೇ ತೋರಿಸುತ್ತಾರಂತೆ, ಎಲ್ಲರೂ ಬರಬೇಕು ಎಂದು. ಅಪ್ಪ ಲಾಳಿ ಕೆಳಗಿಟ್ಟು ಎದ್ದೇಬಿಟ್ಟ. ಲಗ್ನ ನಿಕ್ಕಿಯಾದ ಹುಡುಗಿ ಗಂಡಿನ ಮನೆಗೆ ಹೋಗುವುದುಂಟೇ ಎಂದು ಮುದುಕಿಯರು ಗೊಣಗಿದರು. ಅವ್ವ ಸೊಂಟದ ಮೇಲೆ ಕೈಯಿಟ್ಟು, "ನನ್ನ ತವರಿಗೆ ನನ್ನ ಮಗಳನ್ನ ಕರ್ಕೊಂಡು ಹೋದ್ರೆ ನಿಮಗೇನ್ರೀ ಹೊಟ್ಟೆನೋವು?" ಎಂದಳು. ಗಾಡಿ ಕಟ್ಟಿಸಿದೆವು. ನಡುದಾರಿಯ ಊರು ಬಿ.ಜಿ. ಕೆರೆಯಲ್ಲಿ ಬುತ್ತಿ ಬಿಚ್ಚಿ ಉಂಡೆವು. ದಾರಿಯುದ್ದಕ್ಕೂ ಅಪ್ಪ ಹೊಸಬಟ್ಟೆ ತೊಟ್ಟ ಹುಡುಗನ ಹಾಗಿದ್ದ. "ಕಮ್ಮಾರನ್ನ ನೋಡ್ತೀವಲ್ಲೇ, ಕಮ್ಮಾರನ್ನ!" ಎಂದು ಅವ್ವನ ಮೊಣಕೈ ತಿವಿಯುತ್ತಿದ್ದ.

ಡೇರೆ ಹಾಕಿದ್ದು ಮಾವನ ಮನೆಯ ಹಿಂದಿನ ಬಯಲಿನಲ್ಲಿ. ಒಂದು ಮಗ್ಗುಲಿಗೆ ಎಣ್ಣೆಯ ಗಾಣ, ಇನ್ನೊಂದು ಮಗ್ಗುಲಿಗೆ ದೊಡ್ಡ ಹುಣಸೆಮರ. ನಡುವೆ ಗಳಕ್ಕೆ ಕಟ್ಟಿದ ಬಿಳಿ ಬಟ್ಟೆಯ ಪರದೆ. ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ಡೇರೆಯವರಿಗೆ ಬೈಸ್ಕೋಪಿನ ಯಂತ್ರ ತಿರುಗಿಸಿಕೊಡುತ್ತಿದ್ದರು. ಆಟಕ್ಕೆ ಮುಂಚೆ ಅವರೇ ಬಿಂದಿಗೆಯಲ್ಲಿ ನೀರು ತಂದು ಪರದೆಯನ್ನು ತೋಯಿಸಿದರು. ಒದ್ದೆ ಮಾಡಿದರೆ ಚಿತ್ರ ಎರಡೂ ಕಡೆಗೆ ಚೆನ್ನಾಗಿ ಮೂಡುತ್ತದಂತೆ. ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಮರ್ಯಾದೆಗೆ ಹಾಗೆ ಕೂರಿಸುತ್ತಿದ್ದರು, ಯಾರಿಗೂ ಅದರಲ್ಲಿ ಏನೂ ವಿಶೇಷ ಅನ್ನಿಸಲಿಲ್ಲ. ಆಗಿನ ಬೈಸ್ಕೋಪಿಗೆ ಮಾತಿಲ್ಲ; ಪಕ್ಕದಲ್ಲಿ ನಿಂತು ಕಥೆ ಬಿಡಿಸಿ ಹೇಳುವ ಡೇರೆಯವನು ಗಂಟಲು ಕಟ್ಟಿಕೊಂಡು ಮಲಗಿಬಿಟ್ಟಿದ್ದ. ನಡುನಡುವೆ ಇಂಗ್ಲಿಷ್ ಅಕ್ಷರಗಳು ಬಂದು ಹೋಗುತ್ತಿದ್ದವು; ನಮ್ಮಲ್ಲಿ ಯಾರಿಗೆ ಗೊತ್ತು ಇಂಗ್ಲಿಷು? ನೋಡಿದವರು ತಮಗೆ ತಿಳಿದಂತೆ ಅರ್ಥ ಮಾಡಿಕೊಳ್ಳಬೇಕು.

ನಮಗೆ ಪರದೆಯ ಮೇಲೆ ಕಥೆ ನೋಡಿ ಗೊತ್ತಿದ್ದದ್ದು ತೊಗಲುಗೊಂಬೆ ಆಟದಲ್ಲಿ. ನಮ್ಮ ಸೀಮೆಗೆ ಬರುತ್ತಿದ್ದ ಆಟದವರದು ಒಂದು ಕಟ್ಟಳೆ ಇತ್ತು. ನೋಡುವವರ ಬಲಗಡೆ ಊರು, ಎಡಗಡೆ ಕಾಡು. ಬಲಕ್ಕೆ ನಡೆದ ಗೊಂಬೆ ಮನೆಗೆ ಬರುತ್ತಿದೆ ಎಂದರ್ಥ, ಎಡಕ್ಕೆ ನಡೆದ ಗೊಂಬೆ ಊರು ಬಿಟ್ಟು ಹೋಯಿತು ಎಂದರ್ಥ. ಹಾಲು ಕುಡಿಯುವ ಕೂಸಿಗೂ ಅದು ತಿಳಿದಿತ್ತು.

ಬೈಸ್ಕೋಪು ನೋಡಿ ಬಾಯಿ ತೆರೆದದ್ದು ಮುಚ್ಚಲಿಲ್ಲ. ಚಂದ್ರಲೋಕವೋ ಕಲ್ಲುಗುಂಡುಗಳ ರಾಶಿ. "ಅಯ್ಯ, ಇದೇನೇ, ನಮ್ಮೂರ ಗುಡ್ಡಕ್ಕೇ ಸುಣ್ಣ ಬಳಿದಂಗೈತಲ್ಲೇ!" ಎಂದಳು ಅವ್ವ. ಕೊನೆಗೆ ಮೂವರೂ ಸಾಮಾನನ್ನೆಲ್ಲ ಹೊರಗೆ ಎಸೆದು ಭಾರ ಕಡಿಮೆ ಮಾಡಿ ಗಡಿಗೆ ಹತ್ತಿದರು, ಕಮ್ಮಾರನೂ ಹತ್ತಿದ. ಗಡಿಗೆ ಎದ್ದಿತು. ಮೆಲ್ಲಗೆ ಪರದೆಯುದ್ದಕ್ಕೂ ತೇಲಿ, ಬಲಗಡೆಗೆ ಬಂದು ಮಾಯವಾಯಿತು. ಅಲ್ಲಿಗೆ ಆಟ ಮುಗಿಯಿತು. ನಮ್ಮ ಕಡೆಯ ಹೆಂಗಸರೆಲ್ಲ ಕೈ ಮುಗಿದು, ಸದ್ಯ ಮೂವರೂ ಮನೆ ಸೇರಿದರಲ್ಲ ಎಂದು ನೆಮ್ಮದಿಯಿಂದ ಎದ್ದೆವು.

ಜಗಳ ಶುರುವಾಗಿದ್ದು ಊಟದ ಎಲೆಯ ಮುಂದೆ. ಬಾವ ಬಾಮೈದರು ಒಬ್ಬರನ್ನೊಬ್ಬರು ರೇಗಿಸುವುದು ಹೊಸದೇನಲ್ಲ. ಮಾವ ಮುದ್ದೆ ಮುರಿಯುತ್ತಾ, "ಏನ್ ಬಾವಾ, ನಿನ್ನ ಕಮ್ಮಾರ ಎಲ್ಲಿ ಹಿಂದೆ ಉಳಿದ? ಮೂರೂ ಮಂದಿ ಗಡಿಗೆ ಹತ್ತಿದ್ದು ನಾನೇ ಕಣ್ಣಾರೆ ಕಂಡೀನಿ," ಎಂದ.

"ಹತ್ತಿಸಿದೋರು ತಪ್ಪು ಮಾಡವ್ರೆ," ಎಂದ ಅಪ್ಪ. ಆಗಲೇ ಅವನ ಮುಖ ಕಪ್ಪಿಟ್ಟಿತ್ತು. "ಮೂವರ ಭಾರಕ್ಕೆ ಏಳೋದಿಲ್ಲ ಅಂತ ಪುಸ್ತಕದಾಗೆ ಬರೆದೈತೆ."

"ಎದ್ದಿತಲ್ಲಪ್ಪಾ! ಎದ್ದು ಎಡಗಡೆಗೆ ಹೋಗೇ ಹೋಯ್ತು. ಊರಿನ ದಿಕ್ಕು ಬಿಟ್ಟು ಮೂರೂ ಮಂದಿ ಹಾಳಾಗಿ ಹೋದ್ರು. ಕಾಲಡಿ ನೆಲ ಬಿಟ್ಟು ಹಾರಿದೋರಿಗೆ ಮತ್ತೇನಾಗ್ತೈತೆ?"

ಅಡುಗೆಮನೆಯಿಂದ ಅವ್ವ ಸೌಟು ಹಿಡಿದೇ ಬಂದಳು. "ಲೇ ತಮ್ಮಾ, ನಿನ್ನ ಕಣ್ಣಿಗೇನು ಸೀಗೆಪುಡಿ ಬಿದ್ದಿತ್ತೇನೋ? ಗಡಿಗೆ ಬಲಗಡೆಗೆ ಬಂತಲ್ಲೋ. ಮೂರೂ ಮಂದಿ ಊರು ಸೇರಿದ್ರು. ನಾನು ಕೈ ಮುಗಿದೀನಿ."

"ಹೆಂಗಸರಿಗೆ ಎಡ ಬಲ ಎಲ್ಲಿ ತಿಳೀತೈತಕ್ಕಾ," ಎಂದು ಮಾವ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸಿಗೆ ಎಡಬಲ ತಿಳಿಯದಿದ್ದರೆ ನಿನ್ನ ಅಂಗಡಿಯ ಸೀರೆಗೆ ಅಂಚು ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕೆಂದಿದ್ದೆ. ಮುಂದೆ ಸೊಸೆಯಾಗುವವಳು ಎಂದು ಅತ್ತೆ ನನ್ನ ಸೆರಗು ಹಿಡಿದೆಳೆದಳು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮಾವನ ನಾಲಿಗೆ ಸುಮ್ಮನಿರಬೇಕಲ್ಲ! "ಬಾವಾ, ನಿನ್ನ ಪುಸ್ತಕ ಓದಿ ಓದಿ ಕೇರಿ ಮಂದೀನೆಲ್ಲ ಅಳಿಸಿದೀಯ. ಹಿಂದೆ ಉಳೀದೇ ಇದ್ದೋನಿಗೆ ಅಷ್ಟೊಂದು ಕಣ್ಣೀರು ದಂಡ ಆಯ್ತು ನೋಡು," ಎಂದುಬಿಟ್ಟ.

ಅಪ್ಪ ಅರ್ಧ ಊಟದಲ್ಲಿ ಎದ್ದ. ಎಲೆ ಮುಂದಿನಿಂದ ಎದ್ದವನನ್ನು ಯಾರೂ ಹಿಡಿಯಲಾಗಲಿಲ್ಲ. ಕೈ ತೊಳೆದುಕೊಂಡು, ಬಾಗಿಲಲ್ಲಿ ನಿಂತು, "ಹಿಂದೆ ಉಳಿದೋನ ಬೆಲೆ ಗೊತ್ತಿಲ್ಲದ ಮನೆಗೆ ನಾನು ಹೆಣ್ಣು ಕೊಡೋದಿಲ್ಲ," ಎಂದ. ಬೆಳಗಾಗುವುದೇ ತಡ ಗಾಡಿ ಕಟ್ಟಿಸಿದ.

ಮೊಳಕಾಲ್ಮೂರಿಗೆ ಬಂದವನು ಮಗ್ಗದ ಮೇಲೆ ಹಳೇ ಪಂಚೆ ಹೊದಿಸಿಬಿಟ್ಟ. ಸೆರಗಿನ ಗಿಳಿಗಳು ಅರ್ಧಕ್ಕೆ ನಿಂತವು. ಬೇರೆಯವರ ಸೀರೆ ನೇಯಲು ಪಕ್ಕದ ಮನೆಯ ಮಗ್ಗಕ್ಕೆ ಹೋಗುತ್ತಿದ್ದ, ನನ್ನ ಸೀರೆಯ ತಂಟೆಗೆ ಮಾತ್ರ ಬರಲೊಲ್ಲ. ಲಗ್ನ ಹತ್ತಿರವಾಗುತ್ತಿತ್ತು. ಅವ್ವ ಅತ್ತಳು, ಬೈದಳು, ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ಅಪ್ಪ ಉಪ್ಪಿಲ್ಲದ ಸಾರನ್ನೇ ಸುರಿದುಕೊಂಡು ಉಂಡ. "ಚಂದ್ರನ ಮೇಲೆ ಯಾರು ಉಳಿದ್ರೆ ನಂಗೇನು? ನಾನು ಇಲ್ಲೇ ಉಳಿದುಹೋಗ್ತೀನಲ್ಲಪ್ಪಾ!" ಎಂದು ನಾನು ಕೂಗಾಡಿದೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿ ಹೊರಗೆ ಹೋದ.

ಆಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯವರು ಬಂದರು. ಅತ್ತೆ ಕೊಟ್ಟಳೆಂದು ಹುಣಸೆಹಣ್ಣಿನ ಗಂಟೊಂದು ನೆಪಕ್ಕೆ. ಅಪ್ಪ ಮನೆಯಲ್ಲಿರಲಿಲ್ಲ. ಅವ್ವ ಅಂಗಳದಲ್ಲಿ ಜೋಳ ಕೇರುತ್ತಾ ಬೇಕೆಂದೇ ಬೆನ್ನು ತಿರುಗಿಸಿ ಕೂತಳು. ನಾನು ಪಡಸಾಲೆಯ ಕಂಬಕ್ಕೆ ಒರಗಿ ನಿಂತೆ. ಒಳ್ಳೆಯ ಮಾತು ಆಡುತ್ತಾರೆಂದು ಕಾದರೆ ಅವರು ಶುರು ಮಾಡಿದ್ದೇ ಗಡಿಗೆಯಿಂದ.

"ನಮ್ಮಪ್ಪನ ಮಾತು ತಪ್ಪೇ, ಒಪ್ತೀನಿ. ಆದ್ರೆ ಗಡಿಗೆ ಎಡಕ್ಕೆ ಹೋದದ್ದು ದಿಟ. ನಾನೂ ನೋಡೀನಿ."

"ಬಲಕ್ಕೆ ಬಂದದ್ದು ನಾನೂ ನೋಡೀನಿ ಬಾವಾ."

"ಎಡಕ್ಕೆ."

"ಬಲಕ್ಕೆ!"

"ಉಣ್ಣೋ ಕೈ ಯಾವುದು ಅಂತ ಗೊತ್ತೈತಾ ನಿಂಗೆ?"

"ಕೆನ್ನೆಗೆ ಬಾರಿಸೋ ಕೈ ಯಾವುದು ಅಂತ್ಲೂ ಗೊತ್ತೈತೆ," ಎಂದೆ. ಅವ್ವನ ಬೆನ್ನು ನಗುವಿಗೆ ಕುಲುಕುತ್ತಿತ್ತು.

ಅವರು ನಗಲಿಲ್ಲ. "ಅಲ್ಲ ಕಣೇ, ಗಾಣದ ಕಡೆಗೆ ಹೋಯ್ತು ಅಂತ ನಾನು ಬಡ್ಕೊಳ್ತಾ ಇದ್ರೆ…"

"ಗಾಣದ ಕಡೆಗೆ ಬಂತು ಅಂತ್ಲೇ ನಾನೂ ಹೇಳ್ತಿರೋದು!"

ಇಬ್ಬರೂ ಗಕ್ಕನೆ ನಿಂತೆವು. ಗಾಣ ಒಂದೇ. ಎಡವೂ ಅದೇ ಬಲವೂ ಅದೇ ಆಗುವುದು ಹೇಗೆ? ನಾನು ಹೋಗಿ ಮಗ್ಗದ ಮೇಲಿನ ಪಂಚೆ ಎಳೆದು ಹಾಕಿದೆ. ಅವರನ್ನು ಅಪ್ಪನ ಜಾಗದಲ್ಲಿ ಕೂರಿಸಿದೆ. ನಾನು ಗುಂಡಿಗೆ ಇಳಿದು, ಎದುರಿಗೆ ಕೂತು, ಕತ್ತೆತ್ತಿದೆ.

"ಈ ಗಿಳಿ ಕೊಕ್ಕು ಯಾವ ಕೈ ಕಡೆಗೈತೆ ಬಾವಾ?"

"ಎಡಗೈ."

"ನಂಗೆ ಬಲಗೈ. ನೀವು ನೋಡ್ತಿರೋದು ಬೆನ್ನು, ನಾನು ನೋಡ್ತಿರೋದು ಮುಖ. ನೀವು ಪರದೆ ಮುಂದೆ ಕೂತಿದ್ರಿ, ನಾವು ಹಿಂದೆ. ಗಡಿಗೆ ಒಂದೇ, ಹೋದ ದಿಕ್ಕೂ ಒಂದೇ. ನಿಮಗೆ ಹೋದಂಗೆ ಕಂಡಿತು, ನಮಗೆ ಬಂದಂಗೆ ಕಂಡಿತು."

ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತನ್ನ ಮಗ್ಗದ ಮೇಲೆ ಇನ್ನೊಬ್ಬರು ಕೂತದ್ದಕ್ಕೆ ಗುಡುಗುತ್ತಾನೆಂದುಕೊಂಡೆ. ಗುಡುಗಲಿಲ್ಲ. ಜೀವಮಾನವೆಲ್ಲ ಬಟ್ಟೆಯ ಬೆನ್ನು ನೋಡಿಕೊಂಡೇ ಮುಖ ನೇಯ್ದವನಿಗೆ ಈ ಮಾತು ಬಿಡಿಸಿ ಹೇಳಬೇಕೇ? ಪರದೆಯೂ ಒಂದು ಬಟ್ಟೆಯೇ ಎಂಬುದು ನೇಕಾರರ ಮನೆಯ ನಮಗೆ ಯಾರಿಗೂ ಅಲ್ಲಿಯ ತನಕ ಹೊಳೆಯದೆ ಹೋದದ್ದೇ ದೊಡ್ಡ ಸೋಜಿಗ. ಅಪ್ಪ, "ಹಂಗಾದ್ರೂ ಕಮ್ಮಾರ ಹಿಂದೆ ಉಳೀಲಿಲ್ವಲ್ಲ," ಎಂದಷ್ಟೇ ಅಂದು ಒಳಗೆ ಹೋದ. ಆದರೆ ಅಳಿಯನಿಗೆ ಊಟ ಹಾಕು ಎಂದು ಅವ್ವನಿಗೆ ಹೇಳಿದ. ಅಳಿಯ ಎಂದ! ನಾನು ಗುಂಡಿಯಲ್ಲೇ ಕೂತು ಖುಷಿಗೆ ಅತ್ತೆ.

ಡೇರೆ ಕೀಳುವುದಕ್ಕೆ ಮುಂಚೆ ಇನ್ನೊಂದು ಸಲ ಎಲ್ಲರೂ ನೋಡಬೇಕೆಂದು ಅವ್ವ ಹಟ ಹಿಡಿದಳು. ಅಪ್ಪನನ್ನು ಹೊರಡಿಸಿದ್ದೂ ಅವಳೇ, ಹೇಗೆ ಎಂದು ಕೇಳಬೇಡಿ. ಸಾರಿಗೆ ಉಪ್ಪು ವಾಪಸು ಬಂದಿತ್ತು. ನಮ್ಮ ಮನೆಯವರು ಸಾಹೇಬರ ಹತ್ತಿರ ಹೋಗಿ, ಈ ಸಲ ಹೆಂಗಸರನ್ನು ಮುಂದೆ, ಗಂಡಸರನ್ನು ಹಿಂದೆ ಕೂರಿಸಿ ಎಂದು ಕೇಳಿದರು. ಸಾಹೇಬರು ಬಿದ್ದು ಬಿದ್ದು ನಕ್ಕು, "ಅರೇ, ಇದ್ರಾಗೇನೈತಪ್ಪಾ, ಪರದೆಗೆ ಹೆಂಗಸ್ರೇನು ಗಂಡಸ್ರೇನು!" ಎಂದು ಒಪ್ಪಿದರು. ಪೇಟೆಯ ಗಂಡಸರು ಮುಖ ಸಿಂಡರಿಸಿಕೊಂಡು ಪರದೆಯ ಹಿಂದೆ ಹೋಗಿ ಕೂತರು.

ಆ ದಿನದ ತಮಾಷೆ ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುತ್ತೇನೆ. ಗಡಿಗೆ ಎದ್ದು ತೇಲಿದ್ದೇ, ಅವ್ವ, "ಅಯ್ಯಯ್ಯೋ, ಎಡಕ್ಕೆ ಹೊಂಟಿತಲ್ಲೇ! ಹೋಗಿಬಿಟ್ರಲ್ಲೇ ಪಾಪದೋರು!" ಎಂದು ಗೊಳೋ ಎಂದು ಅತ್ತಳು. ಆ ಕಡೆಯಿಂದ ಮಾವ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾ, "ಬಂದ್ರಲ್ಲೋ! ಮೂರೂ ಮಂದಿ ಬಂದ್ರು!" ಎಂದು ಕೂಗುತ್ತಿದ್ದ. ಮೊದಲಿನಿಂದಲೂ ತಾನು ಅದನ್ನೇ ಹೇಳುತ್ತಿದ್ದೆ ಎಂಬಂತಿತ್ತು ಅವನ ಗತ್ತು. ಮನೆಗೆ ಬಂದ ಮೇಲೆ ಅಕ್ಕ ತಮ್ಮ ಇಬ್ಬರೂ ಮಾತು ಅದಲು ಬದಲು ಮಾಡಿಕೊಂಡು ಮತ್ತೆ ವಾದಕ್ಕೆ ಕೂತರು. ನಗದವರು ಯಾರೂ ಇರಲಿಲ್ಲ, ಅಪ್ಪನೊಬ್ಬನನ್ನು ಬಿಟ್ಟು. ಮಾವ ತಾನೇ ಅಪ್ಪನ ಎಲೆಗೆ ತುಪ್ಪ ಬಡಿಸಿ, "ಸಿಟ್ಟು ಬಿಡು ಬಾವಾ, ನನ್ನ ನಾಲಿಗೆ ನಿಂಗೆ ಗೊತ್ತಿಲ್ಲದ್ದಾ?" ಎಂದ. ಅಪ್ಪ ತಲೆಯಾಡಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಂಡ. ಮದುವೆ ಮುರಿಯಲಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಮಗ್ಗಕ್ಕೆ ಕೂತ. ನಾನು ಪಕ್ಕದಲ್ಲಿ ಲಾಳಿ ಹಿಡಿದು ಕೂತೆ. ನಾಲ್ಕು ಎಳೆ ಹಾಕಿದವನು ಕೈ ನಿಲ್ಲಿಸಿದ.

"ಎಡಕ್ಕೋ ಬಲಕ್ಕೋ ಅಂತಲ್ಲವ್ವಾ ನಾನು ಸಿಟ್ಟಾದದ್ದು. ಹೋದೋರನ್ನ ಪರದೆ ಮೇಲೆ ತೋರಿಸಿದ್ರು, ಬಂದೋರನ್ನೂ ತೋರಿಸಿದ್ರು. ನಿಂತೋನನ್ನ ತೋರಿಸ್ಲಿಲ್ಲ. ಗಡಿಗೆ ಮಾಡಿದೋನು ಅವನು. ಕೈಯಾರೆ ಬಾಗಿಲು ಹಾಕಿ ಕಳಿಸಿದೋನೂ ಅವನೇ. ಅವನನ್ನ ನೋಡೋಕೇ ಅಲ್ಲವಾ ನಾನು ಅಷ್ಟು ದೂರ ಹೋದದ್ದು?"

ಹೀಗೆ ಹೇಳುವಾಗ ಅವನ ಅಂಗೈ ನನ್ನ ಸೀರೆಯ ಮೇಲಿತ್ತು. ಇಷ್ಟು ವರ್ಷ ಲಗ್ನವನ್ನು ಯಾಕೆ ಮುಂದೆ ತಳ್ಳಿದ, ಕಮ್ಮಾರನ ಪಾಲು ಬಂದಾಗ ಯಾಕೆ ರಾಗ ನಿಂತುಹೋಗುತ್ತಿತ್ತು ಎಂಬುದೆಲ್ಲ ನನಗೆ ಆಗ ತಿಳಿಯಿತು. ನನ್ನನ್ನು ಕಳಿಸುವ ಗಡಿಗೆಯನ್ನು ಅವನೇ ಕೂತು ನೇಯುತ್ತಿದ್ದ. ಆದರೆ ನನ್ನ ನಾಲಿಗೆ ನನ್ನದೇ ಅಲ್ಲವೇ? "ಚಳ್ಳಕೆರೆ ಏನು ಚಂದ್ರನ ಮೇಲೈತೇನಪ್ಪಾ?" ಎಂದು ಅಳುತ್ತಲೇ ಬೈದೆ. "ಬಿ.ಜಿ. ಕೆರೆ ದಾಟಿದ್ರೆ ಆಯ್ತು."

"ನೀನು ಹೋದ ಮ್ಯಾಲೆ ಗುಂಡಿಗೆ ಇಳಿದು ಗಿಳಿ ನೋಡೋರು ಯಾರು?"

"ಅವ್ವ ಇಳೀತಾಳೆ."

"ಅವಳು ಇಳಿದ್ರೆ ಎತ್ತೋರು ಯಾರೇ?" ಎಂದ ಅಪ್ಪ. ಇಬ್ಬರೂ ಕಣ್ಣೀರಿನಲ್ಲೇ ನಕ್ಕೆವು. ಒಳಗಿನಿಂದ ಅವ್ವ, "ಏನದು ನನ್ನ ಸುದ್ದಿ?" ಎಂದು ಕೂಗಿದಳು.

ಸೆರಗಿನ ಕೊನೆಯ ಭಾಗವನ್ನು ಅಪ್ಪ ನನ್ನನ್ನು ಗುಂಡಿಗೆ ಇಳಿಸದೆಯೇ ನೇಯ್ದ. ಸೀರೆ ಮಗ್ಗದಿಂದ ಇಳಿಸಿ ಅರಿಸಿನ ಕುಂಕುಮ ಹಚ್ಚಿ ಬಿಡಿಸಿದಾಗ ಗಿಳಿಗಳ ನಡುವೆ ಒಂದು ಪುಟ್ಟ ಗುಂಡನೆಯ ಜರಿಯ ಗಡಿಗೆ ಇತ್ತು. ನೋಡಿದವರೆಲ್ಲ ಕಳಸ ಎಂದುಕೊಂಡರು. ಅದರ ಹೊಟ್ಟೆಯಲ್ಲಿ ಚುಕ್ಕೆಗಳಿದ್ದವು. ಎರಡಲ್ಲ, ಮೂರು. ನಾನು ಅಪ್ಪನ ಮುಖ ನೋಡಿದೆ. ಅವನು ಲಾಳಿಗೆ ಅಂಟಿದ ಎಳೆ ಕೀಳುತ್ತಾ ಕೂತಿದ್ದ.

ಮದುವೆ ನಮ್ಮ ಚಪ್ಪರದಲ್ಲೇ ಚೆನ್ನಾಗಿ ನಡೆಯಿತು. ಮಾರನೆಯ ದಿನ ಹೆಣ್ಣು ಕಳಿಸುವ ಶಾಸ್ತ್ರ. ಗಾಡಿಗಳು ಸಾಲಾಗಿ ನಿಂತಿವೆ, ಮಡಿಲು ತುಂಬಿಯಾಗಿದೆ, ಕಾಲಿಗೆ ಬೀಳೋಣವೆಂದರೆ ಅಪ್ಪನೇ ಇಲ್ಲ! ಹೆಣ್ಣು ಹೆತ್ತವನು ಹೊಸಿಲಲ್ಲಿ ನಿಂತು ಕಳಿಸಿಕೊಡಬೇಕು. ಮುದುಕಿಯರು ಗುಸುಗುಸು ಎಂದರು. ಅವ್ವ ನನ್ನನ್ನು ಒಳಗೆ ಕರೆದು, ಸಿಟ್ಟು ನಗು ಎರಡೂ ಬೆರೆತ ಮುಖ ಮಾಡಿ ಹೇಳಿದಳು. "ಕೋಳಿ ಕೂಗೋ ಹೊತ್ತಿಗೇ ಎದ್ದು ಯಾವುದೋ ಗಾಡಿ ಹತ್ತಿ ಹೋದ ಕಣೇ. ಹೆಣ್ಣು ಕೊಟ್ಟೋರು ಎಲ್ಲಾದ್ರೂ ಮುಂಚೇನೇ ಹೋಗ್ತಾರಾ ಅಂತ ಬೈದೆ. 'ಈ ಕಡೆ ಕೂತು ನೋಡೋದು ನನ್ನ ಕೈಲಾಗೋದಿಲ್ಲ, ಆ ಕಡೆಯಿಂದ ನೋಡ್ತೀನಿ' ಅಂದ."

ಗಾಡಿಯಲ್ಲಿ ನಮ್ಮ ಮನೆಯವರ ಪಕ್ಕದಲ್ಲಿ ಕೂತು ಹೊರಟೆ. ಅಳಬೇಕೆಂದಿದ್ದವಳಿಗೆ ಅಳುವೇ ಬರಲಿಲ್ಲ. ಚಳ್ಳಕೆರೆ ಮುಟ್ಟಿದಾಗ ಗಾಣದ ಎತ್ತುಗಳು ಇನ್ನೂ ತಿರುಗುತ್ತಿದ್ದವು. ಮಾವನ ಮನೆಯ ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಅದರ ಆಚೆ, ಗಂಡಿನ ಕಡೆಯವರ ನಡುವೆ, ಅವರಿಗಿಂತ ಮುಂದೆ ನುಗ್ಗಿ, ಅಪ್ಪ ನಿಂತಿದ್ದ. ನನ್ನ ಕೆಂಪು ಸೀರೆ ಕಂಡಿದ್ದೇ ತಡ, ಮಾವನ ತೋಳು ಹಿಡಿದು ಅಲ್ಲಾಡಿಸುತ್ತಾ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಬಂದ್ಲು ನೋಡೋ ಬಾಮೈದಾ, ಬಂದ್ಲು! ನಮ್ಮುಡುಗಿ ಮನೆಗೆ ಬಂದ್ಲು!"